ನಿನ್ನ ನಡುಕ ಅವರಿಗೆ ಕಾಣಿಸುವುದಿಲ್ಲ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ನೋಡಿದೆ. ಮುಂದಿನ ತಿಂಗಳು ಇನ್ನೂರು ಜನರ ಮುಂದೆ ಹದಿನೈದು ನಿಮಿಷ ಮಾತಾಡಬೇಕು, ಈಗಿನಿಂದಲೇ ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಲ್ಲಿ ನೀನು "ಹ್ಞೂಂ ದೊಡ್ಡಮ್ಮ, ಸರಿ ದೊಡ್ಡಮ್ಮ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ ಕೇಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಭೆಗೆ ಇಡೀ ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೂರನೇ ನಿಮಿಷದಲ್ಲಿ ಹಿಂದೆ ಯಾರದೋ ಕುರ್ಚಿ ಕಿರ್ ಅಂತು, ನನ್ನ ಒಂದು ವಾಕ್ಯ ಹಾರಿಹೋಯಿತು. ಅದು ಹೋದ ಮೇಲೆ ಮುಂದಿನದೂ ಇಲ್ಲ, ಹಿಂದಿನದೂ ಇಲ್ಲ. ಮಗ್ಗಿ ಹೇಳುವಾಗ ನಡುವೆ ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡಬೇಕಾಗುತ್ತಲ್ಲ, ಥೇಟ್ ಹಾಗೆ. ಏನೇನೋ ತೊದಲಿ ಕೂತುಬಿಟ್ಟೆ. ಎಲ್ಲರೂ ನನ್ನ ಕೈ ನಡುಗಿದ್ದನ್ನೇ ನೋಡಿದರು ಅಂತ ಎರಡು ದಿನ ಮುಖ ಎತ್ತಲಿಲ್ಲ. ಆಮೇಲೆ ಜೊತೆಯವಳನ್ನು ಕೇಳಿದರೆ, "ಕೈಯಾ? ನಾನು ನೋಡಲೇ ಇಲ್ಲ, ನೀನು ಯಾಕೋ ಬೇಗ ಮುಗಿಸಿದೆ ಅನ್ನಿಸಿತು ಅಷ್ಟೇ" ಅಂದಳು!

ಅವಳು ಸಮಾಧಾನಕ್ಕೆ ಸುಳ್ಳು ಹೇಳಿದಳು ಅಂತಲೇ ಬಹಳ ಕಾಲ ನಂಬಿದ್ದೆ. ಇಲ್ಲ ಪುಟ್ಟಿ. ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದರು. ಮಾತಾಡುವವರು ತಮ್ಮ ಅಳುಕು ಎದ್ದು ಕಾಣುತ್ತಿದೆ ಅಂದುಕೊಳ್ಳುತ್ತಾರೆ, ಕೇಳುವವರಿಗೆ ಅಷ್ಟು ಕಂಡಿರುವುದೇ ಇಲ್ಲ. ಇನ್ನೂ ಮಜಾ ಏನೆಂದರೆ, ಈ ವಿಷಯವನ್ನು ಮೊದಲೇ ತಿಳಿಸಿ ಮಾತಾಡಲು ಬಿಟ್ಟವರು ಬೇರೆಯವರಿಗಿಂತ ಚೆನ್ನಾಗಿ ಮಾತಾಡಿದರು. ಅದಕ್ಕೇ ಈ ಪತ್ರದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಇಟ್ಟುಕೋ. ಎದೆ ಡವಡವ ಅನ್ನುತ್ತೆ, ನಾಲಿಗೆ ಒಣಗುತ್ತೆ, ಅನ್ನಲಿ, ಒಣಗಲಿ. ಅದು ನಿನಗೆ ಮಾತ್ರ ಗೊತ್ತು. ದಯವಿಟ್ಟು ನೀನೇ "ಕ್ಷಮಿಸಿ, ನನಗೆ ಸ್ವಲ್ಪ ಭಯ" ಅಂತ ಮೈಕಿನಲ್ಲಿ ಹೇಳಿ ಗೊತ್ತುಮಾಡಬೇಡ.

ಈ ಸಭಾಕಂಪ ಎಂಥವರನ್ನೂ ಬಿಟ್ಟಿಲ್ಲ. ಗಾಂಧೀಜಿ ಬ್ಯಾರಿಸ್ಟರ್ ಆಗಿ ಬಂದು ಮುಂಬೈಯ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತಾಗ ತಲೆ ಸುತ್ತಿ, ಸಾಕ್ಷಿಗೆ ಕೇಳಲು ಒಂದು ಪ್ರಶ್ನೆಯೂ ಹೊಳೆಯದೆ ಕೂತುಬಿಟ್ಟರು, ಕಕ್ಷಿದಾರನ ಫೀಸನ್ನೂ ವಾಪಸ್ ಕೊಟ್ಟರು. ಮಾತಾಡಲು ಹಿಂಜರಿಯುವ ಸ್ವಭಾವದಿಂದಲೇ ಮಾತನ್ನು ಅಳೆದು ಆಡುವುದನ್ನು ಕಲಿತೆ ಅಂತ ಮುಂದೆ ಅವರೇ ಬರೆದುಕೊಂಡಿದ್ದಾರೆ.

ಈಗ ತಯಾರಿಯ ಮಾತು. ನಾನು ಜಾಸ್ತಿ ಹೇಳಬೇಕಿರುವುದು ಇಲ್ಲೇ, ಯಾಕೆಂದರೆ ನೀನು ಸ್ಲೈಡ್ ಮಾಡುವುದನ್ನೇ ತಯಾರಿ ಅಂದುಕೊಂಡಿದ್ದೀಯ ಅಂತ ನನಗೆ ಗುಮಾನಿ. ಸ್ಲೈಡ್ ಕೊನೆಗೆ. ಮೊದಲು, ಕೇಳಿದವರು ಹೊರಗೆ ಹೋಗುವಾಗ ಇನ್ನೊಬ್ಬರಿಗೆ ಹೇಳಬಹುದಾದ ಒಂದು ವಾಕ್ಯ ಬರಿ. ಒಂದೇ. ಅದಕ್ಕೆ ಸಂಬಂಧ ಇಲ್ಲದ್ದೆಲ್ಲ, ನಿನಗೆ ಎಷ್ಟೇ ಇಷ್ಟವಾಗಿದ್ದರೂ, ತೆಗೆದುಹಾಕು. ಆಮೇಲೆ ಜೋರಾಗಿ ಹೇಳಿ ನೋಡು, ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು, ನಿಂತುಕೊಂಡು. ಮನಸ್ಸಿನಲ್ಲಿ ಎಲ್ಲರೂ ಭಾಷಣಕಾರರೇ! ಪ್ರತಿ ಸಲವೂ ಮಾತು ಬೇರೆ ಬೇರೆ ಬರಲಿ, ಬಿಡು, ದಾರಿ ಒಂದೇ ಇದ್ದರೆ ಸಾಕು. ಮೊದಲ ಎರಡು ಮೂರು ವಾಕ್ಯ, ಕೊನೆಯ ಒಂದು ವಾಕ್ಯ, ಇವಿಷ್ಟು ಮಾತ್ರ ಬಾಯಿಪಾಠ ಇರಲಿ, ಏಕೆಂದರೆ ಶುರುವಿನಲ್ಲಿ ತಲೆ ಕೆಲಸ ಮಾಡುವುದಿಲ್ಲ, ಕೊನೆಯಲ್ಲಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಸುಮ್ನೆ ಎಳೆಯುತ್ತೇವೆ.

"ಒಳ್ಳೆಯ ಭಾಷಣಕಾರರಿಗೆ ಆ ಕ್ಷಣಕ್ಕೆ ಹೊಳೆಯುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರೆದು ತಂದಿದ್ದನ್ನು ಬಿಟ್ಟು "ನನಗೊಂದು ಕನಸಿದೆ" ಅಂತ ಶುರು ಮಾಡಿದ್ದು ನಿಜ. ಆದರೆ ಅದೇ ಕನಸಿನ ಮಾತನ್ನು ಎರಡು ತಿಂಗಳ ಹಿಂದೆ ಡೆಟ್ರಾಯಿಟ್‌ನಲ್ಲೂ ಆಡಿದ್ದರು. ಬಾಯಿಗೆ ಪಳಗಿದ್ದರಿಂದಲೇ ಅಷ್ಟು ಸಲೀಸಾಗಿ ಬಂತು, ಅಲ್ವಾ?

ಫೋನಿನಲ್ಲಿ ಒಂದು ಸಲ ರೆಕಾರ್ಡ್ ಮಾಡಿ ಕೇಳು. ಅಸಹ್ಯ ಅನ್ನಿಸುತ್ತೆ, ಎಲ್ಲರಿಗೂ ತಮ್ಮ ದನಿ ಹಾಗೇ. ಎಷ್ಟು ಸಲ "ಅಂದ್ರೆ", "ಆಮೇಲೆ", "ಸೋ" ಬಂತು ಅಂತ ಮಾತ್ರ ಎಣಿಸು. ಆ ಜಾಗದಲ್ಲೆಲ್ಲ ಬಾಯಿ ಮುಚ್ಚಿ ಒಂದು ಕ್ಷಣ ನಿಲ್ಲು. ನಿನಗೆ ಯುಗದಷ್ಟು ಉದ್ದ ಅನ್ನಿಸುವ ಆ ಮೌನ ಅವರಿಗೆ ಉಸಿರು ತಿರುಗಿಸಿಕೊಂಡಷ್ಟೇ. ಹಾಗೇ ಹದಿನೈದು ನಿಮಿಷ ಕೊಟ್ಟಿದ್ದರೆ ಹನ್ನೆರಡಕ್ಕೆ ತಯಾರಾಗು. ಸಮಯ ಮೀರಿದವರನ್ನು ಯಾರೂ ಪ್ರೀತಿಸುವುದಿಲ್ಲ, ನಾನಂತೂ ಇಲ್ಲ.

ಸ್ಲೈಡಿನಲ್ಲಿ ವಾಕ್ಯ ತುಂಬಿದರೆ ಜನ ಓದುತ್ತಾರೆ, ಓದುವಾಗ ನಿನ್ನ ಮಾತು ಕಿವಿಗೆ ಬೀಳುವುದಿಲ್ಲ. ಪರದೆಗೆ ಮುಖ ಮಾಡಿ ಓದುವವರನ್ನು ಕಂಡರೆ ನನಗೆ ಎದ್ದು ಹೋಗಬೇಕು ಅನ್ನಿಸುತ್ತೆ. ಪವರ್‌ಪಾಯಿಂಟ್ ನಡೆಯುತ್ತಿರುವಾಗ ಕೀಬೋರ್ಡಿನಲ್ಲಿ ಬಿ ಒತ್ತಿದರೆ ಪರದೆ ಕಪ್ಪಾಗುತ್ತೆ, ಮತ್ತೆ ಒತ್ತಿದರೆ ವಾಪಸ್ ಬರುತ್ತೆ. ಮುಖ್ಯವಾದ ಮಾತು ಹೇಳುವಾಗ ಒತ್ತಿ ನೋಡು, ಎಲ್ಲರ ತಲೆಯೂ ನಿನ್ನ ಕಡೆ ತಿರುಗುತ್ತೆ.

ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇಕಡಾ 7 ಮಾತ್ರ, ಉಳಿದದ್ದೆಲ್ಲ ದನಿ, ಹಾವಭಾವ ಅಂತ ತರಬೇತಿ ಕೊಡುವವರು ಹೇಳುತ್ತಾರಲ್ಲ, ಅದನ್ನು ಕೇಳಿ ಕನ್ನಡಿ ಮುಂದೆ ಕೈ ತಿರುಗಿಸುತ್ತಾ ಕೂರಬೇಡ. ಆ ಲೆಕ್ಕ ಹುಟ್ಟಿದ್ದು ಆಲ್ಬರ್ಟ್ ಮೆಹ್ರೇಬಿಯನ್ ಅನ್ನುವ ಮನಶ್ಶಾಸ್ತ್ರಜ್ಞರು 1967ರಲ್ಲಿ ಮಾಡಿದ ಪ್ರಯೋಗಗಳಿಂದ. ಅವು ಬಿಡಿ ಪದಗಳ ಮೇಲೆ, ಇಷ್ಟ ಅಥವಾ ಇಷ್ಟವಿಲ್ಲ ಅನ್ನುವ ಭಾವನೆ ಹೇಗೆ ತಿಳಿಯುತ್ತೆ ಅನ್ನುವುದರ ಮೇಲೆ. ಭಾಷಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕೈ ಅದರ ಪಾಡಿಗೆ ಇರಲಿ. ಒಂದು ವಾಕ್ಯ ಮುಗಿಯುವವರೆಗೆ ಒಬ್ಬರನ್ನೇ ನೋಡು, ಮುಂದಿನ ವಾಕ್ಯಕ್ಕೆ ಇನ್ನೊಬ್ಬರನ್ನು.

ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಅಷ್ಟೇ.

ಆ ದಿನ ಅರ್ಧ ಗಂಟೆ ಮುಂಚೆ ಹೋಗಿ ಮೈಕಿನಲ್ಲಿ ಎರಡು ಮಾತಾಡಿ ನೋಡು. ಕರೆಯುವ ಮೊದಲು ಉಸಿರನ್ನು ಒಳಗೆ ಎಳೆದಿದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು, ನಾಲ್ಕೈದು ಸಲ. ಭಾನುವಾರ ಬೆಳಿಗ್ಗೆ ಫೋನ್ ಮಾಡ್ತೀನಿ, ಸ್ಲೈಡ್ ಇಲ್ಲದೆ ಪೂರ್ತಿ ನನಗೆ ಹೇಳು. ನಾನು ಗಡಿಯಾರ ಹಿಡಿದು ಕೂತಿರುತ್ತೇನೆ, ಮಧ್ಯೆ ಬಾಯಿ ಹಾಕುವುದಿಲ್ಲ. ಪ್ರಯತ್ನ ಮಾಡ್ತೀನಿ.

ನಿನ್ನ
ದೊಡ್ಡಮ್ಮ