ಅಪ್‌ಡೇಟ್ ನಂತರ ಕೆಟ್ಟ ಕಂಪ್ಯೂಟರಿಗೆ ಫಾರ್ಮ್ಯಾಟ್ ಮೊದಲ ಮದ್ದಲ್ಲ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಆ ಬಳಿಕ ನಮ್ಮ ತಾಲ್ಲೂಕಿನ ಸಹಕಾರ ಸಂಘಗಳು, ಶಾಲೆಗಳು, ಡಿಟಿಪಿ ಕೇಂದ್ರಗಳು ಮತ್ತು ಮನೆಗಳ ಕಂಪ್ಯೂಟರುಗಳು ಒಂದೊಂದಾಗಿ ವಿಂಡೋಸ್ 11ಕ್ಕೆ ಬದಲಾಗುತ್ತಿವೆ. ಅದರೊಡನೆ ದುರಸ್ತಿಗೆ ಬರುವವರ ಒಂದು ದೂರೂ ಹೆಚ್ಚಾಗಿದೆ. ಅಪ್‌ಡೇಟ್ ಆದ ಮೇಲೆ ಯಂತ್ರ ಆನ್ ಆಗುತ್ತದೆ, ಚುಕ್ಕೆಗಳು ಸುತ್ತುತ್ತವೆ, ನೀಲಿ ಅಥವಾ ಕಪ್ಪು ಪರದೆಯೊಂದು ಓದಲೂ ಬಿಡದಂತೆ ಮಿಂಚಿ ಮಾಯವಾಗುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇಂಥ ಯಂತ್ರವನ್ನು ಅಂಗಡಿಗೆ ಒಯ್ದರೆ ಬಹಳ ಕಡೆ ಸಿಗುವ ಮೊದಲ ಉತ್ತರ ‘ಫಾರ್ಮ್ಯಾಟ್ ಹೊಡೆಯಬೇಕು’ ಎಂಬುದು, ಅಂದರೆ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಬೇಕು ಎಂದು. ಇದೇ ಕಸುಬಿನಲ್ಲಿರುವ ನಾನು ಈ ಉತ್ತರವನ್ನು ವಿರೋಧಿಸಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಫಾರ್ಮ್ಯಾಟ್ ಮಾಡಿದರೆ ಯಂತ್ರ ಸರಿಹೋಗುವುದು ನಿಜ, ಆದರೆ ಅದರೊಳಗಿನ ಬದುಕು ಹೋಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಎಲ್ಲವನ್ನೂ ಡೆಸ್ಕ್‌ಟಾಪಿನ ಮೇಲೆಯೇ ಇಡುತ್ತಾರೆ, ಅಂದರೆ ಅದು ಫಾರ್ಮ್ಯಾಟಿನಲ್ಲಿ ಅಳಿಸಿಹೋಗುವ ಸಿ ಡ್ರೈವಿನಲ್ಲೇ ಇರುತ್ತದೆ. ಸಂಘದ ಟ್ಯಾಲಿ ಲೆಕ್ಕ, ಶಾಲೆಯ ಅಂಕಪಟ್ಟಿ, ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ವರ್ಷಗಳ ಕಡತಗಳು, ಮದುವೆಯ ಫೋಟೋಗಳು, ಎಲ್ಲವೂ ಅಲ್ಲೇ. ‘ಬ್ಯಾಕಪ್ ಇದೆಯೇ’ ಎಂದು ಒಂದು ಮಾತು ಕೇಳದೆ ಇದನ್ನೆಲ್ಲ ಅಳಿಸಿಬಿಟ್ಟ ಪ್ರಸಂಗಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಕಚೇರಿಗಳಲ್ಲಿ ಇದರ ತಪ್ಪನ್ನು ಆ ಯಂತ್ರದ ಮುಂದೆ ಕೂರುವ ಆಪರೇಟರ್ ಹುಡುಗಿಯ ಮೇಲೆ ಹೊರಿಸಲಾಗುತ್ತದೆ. ‘ಏನು ಒತ್ತಿದೆ ನೀನು?’ ಎಂಬ ಪ್ರಶ್ನೆಗೆ ಆಕೆಯ ಬಳಿ ಉತ್ತರವಿರುವುದಿಲ್ಲ, ಏಕೆಂದರೆ ಆಕೆ ಏನನ್ನೂ ಒತ್ತಿರುವುದಿಲ್ಲ.

ತಪ್ಪು ಅಪ್‌ಡೇಟಿನದೇ ಆಗಿರಬಹುದು ಎಂಬುದಕ್ಕೆ ದಾಖಲೆಗಳಿವೆ. 2022ರ ಜನವರಿ 11ರಂದು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಅಪ್‌ಡೇಟಿನಿಂದ ಅನೇಕ ಸಂಸ್ಥೆಗಳ ವಿಂಡೋಸ್ ಸರ್ವರುಗಳು ತಾವಾಗಿಯೇ ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿ, ಅದೇ ತಿಂಗಳ 17ರಂದು ಕಂಪನಿಯೇ ತುರ್ತು ಪರಿಹಾರ ನೀಡಬೇಕಾಯಿತು. 2024ರ ಜುಲೈ 19ರ ಘಟನೆಯಂತೂ ಎಲ್ಲರಿಗೂ ನೆನಪಿರಬಹುದು. ಅಂದು ಬೆಳಿಗ್ಗೆ ನಮ್ಮ ಕಾಲಮಾನ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಪೂರಿತ ಫೈಲಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಕಂಪನಿ ಆ ಫೈಲನ್ನು 78 ನಿಮಿಷಗಳಲ್ಲೇ ಹಿಂಪಡೆದರೂ, ಅಷ್ಟರಲ್ಲಿ ಅದನ್ನು ಪಡೆದು ಕುಸಿದ ಯಂತ್ರಗಳು ರೀಸ್ಟಾರ್ಟ್ ಸುಳಿಯಲ್ಲೇ ಉಳಿದವು. ಅವನ್ನು ಸರಿಪಡಿಸಲು ಯಾರೂ ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ. ಸೇಫ್ ಮೋಡಿನಲ್ಲಿ, ಅಂದರೆ ಅತ್ಯಗತ್ಯ ಭಾಗಗಳಷ್ಟೇ ಚಾಲೂ ಆಗುವ ಸ್ಥಿತಿಯಲ್ಲಿ, ತೆರೆದು, ಆ ಕಂಪನಿಯ ಫೋಲ್ಡರಿನಲ್ಲಿದ್ದ, ಹೆಸರು ‘ಸಿ-00000291’ ಎಂದು ಶುರುವಾಗುವ ಫೈಲನ್ನು ಅಳಿಸಿದರೆ ಸಾಕಾಗಿತ್ತು. ಅಷ್ಟು ದೊಡ್ಡ ಅನಾಹುತಕ್ಕೆ ಒಂದು ಫೈಲು ಅಳಿಸುವುದೇ ಪರಿಹಾರವಾಗಿದ್ದಾಗ, ನಮ್ಮ ಊರಿನ ಸಂಘದ ಒಂದು ಯಂತ್ರಕ್ಕೆ ಇಡೀ ಡಿಸ್ಕನ್ನು ಅಳಿಸಲು ಅವಸರವೇಕೆ?

ಮೊದಲು ತಿಳಿಯಬೇಕಾದದ್ದು, ಕೆಟ್ಟಿರುವುದು ವಿಂಡೋಸೋ ಅಥವಾ ಯಂತ್ರವೋ ಎಂಬುದು. ಕಂಪ್ಯೂಟರನ್ನು ಬಯೋಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ, ಯಂತ್ರದ ಸ್ವಂತ ಸೆಟ್ಟಿಂಗ್ ಪರದೆ) ತೆರೆದು ಅರ್ಧ ಗಂಟೆ ಹಾಗೆಯೇ ಬಿಡಬೇಕು. ಅಲ್ಲಿಯೂ ಅದು ಆಫ್ ಆಗಿ ಆನ್ ಆದರೆ ಅಪ್‌ಡೇಟನ್ನು ದೂರಿ ಫಲವಿಲ್ಲ. ಎಸ್‌ಎಂಪಿಎಸ್ (ಯಂತ್ರದೊಳಗೆ ಕರೆಂಟ್ ಪೂರೈಸುವ ಘಟಕ), ರ‍್ಯಾಮ್, ಧೂಳು ತುಂಬಿದ ಫ್ಯಾನುಗಳನ್ನು ನೋಡಬೇಕು. ಅಲ್ಲಿ ಅಲುಗದೆ ನಿಂತರೆ ದೋಷ ಬಹುಮಟ್ಟಿಗೆ ವಿಂಡೋಸಿನದು. ಆಗ ಪ್ರಿಂಟರ್, ಪೆನ್ ಡ್ರೈವ್, ಬೆರಳ ಗುರುತು ಓದುವ ಯಂತ್ರಗಳನ್ನೆಲ್ಲ ಕಳಚಿ ಇನ್ನೊಮ್ಮೆ ಆನ್ ಮಾಡಬೇಕು. ಬದಲಾವಣೆಗಳನ್ನು ಹಿಂತೆಗೆಯಲಾಗುತ್ತಿದೆ ಎಂಬ ಸಂದೇಶ ಕಂಡರೆ, ಎಷ್ಟೇ ಹೊತ್ತಾದರೂ ಸ್ವಿಚ್ ಮುಟ್ಟಬಾರದು. ಮಲೆನಾಡಿನ ಮಳೆಗಾಲದಲ್ಲಿ ಅಪ್‌ಡೇಟಿನ ನಡುವೆ ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಯಂತ್ರಗಳೇ ನನ್ನ ಬಳಿ ಹೆಚ್ಚು ಬರುತ್ತವೆ. ಯುಪಿಎಸ್ ಬ್ಯಾಟರಿ ಸತ್ತಿದ್ದರೂ ಬದಲಿಸದಿರುವುದು ಅದಕ್ಕೆ ಮುಖ್ಯ ಕಾರಣ.

ಸಂದೇಶವೂ ಇಲ್ಲದೆ ಬರೀ ರೀಸ್ಟಾರ್ಟ್ ಆಗುತ್ತಿದ್ದರೆ, ಚುಕ್ಕೆಗಳು ಸುತ್ತುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುವುದನ್ನು ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನಾಗಿ ದುರಸ್ತಿ ಪರದೆಗೆ ಬರುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’, ಅದರೊಳಗೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಎಂಬ ಆಯ್ಕೆ ಇದೆ. ಇತ್ತೀಚಿನ ಅಪ್‌ಡೇಟನ್ನು ಅಲ್ಲಿಂದಲೇ ತೆಗೆಯಬಹುದು. ಅದು ಕಡತಗಳನ್ನು ಮುಟ್ಟುವುದಿಲ್ಲ. ಅದರಿಂದಲೂ ಆಗದಿದ್ದರೆ ಅಲ್ಲೇ ಇರುವ ‘ಸ್ಟಾರ್ಟಪ್ ಸೆಟ್ಟಿಂಗ್ಸ್’ನಲ್ಲಿ 9ನ್ನು ಒತ್ತಿದರೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುವುದು ನಿಂತು ದೋಷದ ಪರದೆ ಹಾಗೆಯೇ ಉಳಿಯುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ದುರಸ್ತಿಯವನಿಗೆ ಅರ್ಧ ಕೆಲಸ ಮುಗಿದಂತೆ. ಅದೇ ಪಟ್ಟಿಯಲ್ಲಿ 4 ಸೇಫ್ ಮೋಡಿಗೆ ದಾರಿ. ಡಿಸ್‌ಪ್ಲೇ ಡ್ರೈವರಿನಿಂದ (ಪರದೆಯನ್ನು ನಡೆಸುವ ತಂತ್ರಾಂಶ) ಬಂದ ತೊಂದರೆಯಾಗಿದ್ದರೆ ಅದನ್ನು ಅಲ್ಲಿ ತೆಗೆಯಬಹುದು. ಇವೆಲ್ಲ ಸೋತಾಗ ಮಾತ್ರ ಫಾರ್ಮ್ಯಾಟಿನ ಮಾತು, ಅದೂ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ಕಡತಗಳನ್ನು ನಕಲು ಮಾಡಿಕೊಂಡ ಮೇಲೆ.

ಇಲ್ಲೊಂದು ಹೊಸ ಅಪಾಯವಿದ್ದು, ಅದರ ಬಗ್ಗೆ ಹೆಚ್ಚಿನವರಿಗೆ ಅರಿವಿಲ್ಲ. ಈಚಿನ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಒಳಪಡುತ್ತದೆ. ಮುಂದೆ ತೊಂದರೆ ಬಂದು ದುರಸ್ತಿ ಪರದೆಗೆ ಹೋದರೆ ಅದು 48 ಅಂಕೆಗಳ ಬಿಟ್‌ಲಾಕರ್ ಕೀಯನ್ನು, ಅಂದರೆ ಆ ಗೂಢಲಿಪಿಯನ್ನು ಬಿಡಿಸುವ ಸಂಖ್ಯೆಯನ್ನು, ಕೇಳಬಹುದು. ಕೀ ಇಲ್ಲದಿದ್ದರೆ ಡಿಸ್ಕನ್ನು ಬಿಚ್ಚಿ ಬೇರೆಡೆ ಜೋಡಿಸಿದರೂ ಒಳಗಿನದು ಸಿಗುವುದಿಲ್ಲ. ಆ ಕೀ ಇರುವುದು ಲ್ಯಾಪ್‌ಟಾಪನ್ನು ಮೊದಲು ಸಿದ್ಧಪಡಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ. ನಮ್ಮಲ್ಲಿ ಎಷ್ಟೋ ಸಲ ಮಾರುವ ಅಂಗಡಿಯವರೇ ಗ್ರಾಹಕರಿಗೆ ಅನುಕೂಲವಾಗಲೆಂದು ತಮ್ಮದೇ ಇಮೇಲ್ ಹಾಕಿ ಯಂತ್ರವನ್ನು ಸಿದ್ಧಪಡಿಸಿ ಕೊಟ್ಟಿರುತ್ತಾರೆ. ಹಾಗಾಗಿ ಲ್ಯಾಪ್‌ಟಾಪ್ ನಿಮ್ಮ ಮನೆಯಲ್ಲಿದ್ದರೂ ಅದರ ಕೀ ಇನ್ನೊಬ್ಬರ ಖಾತೆಯಲ್ಲಿರುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ತಮ್ಮದೇ ಖಾತೆಯಿಂದ ಅದನ್ನು ತೆರೆಯಬೇಕೆಂದೂ, ಆ ಕೀಯನ್ನು ಕಾಗದದಲ್ಲಿ ಬರೆದು ಪಾಸ್‌ಬುಕ್ಕಿನ ಜೊತೆ ಇಡಬೇಕೆಂದೂ ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಈ ತೊಂದರೆಗಳಿಗೆ ಹೆದರಿ ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸುವವರಿದ್ದಾರೆ. ಅದು ಸರಿಯಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಲು ಬಳಸಿಕೊಂಡ ವಿಂಡೋಸಿನ ಭದ್ರತಾ ರಂಧ್ರಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಅಪ್‌ಡೇಟ್ ಕೊಟ್ಟಿತ್ತು; ಅದನ್ನು ಹಾಕಿಕೊಂಡಿರದ ಯಂತ್ರಗಳು ಸಿಕ್ಕಿಬಿದ್ದವು. ಲೆಕ್ಕಪತ್ರ ಮುಗಿಸುವ ಮಾರ್ಚ್ ತಿಂಗಳಂಥ ಹೊತ್ತಿನಲ್ಲಿ ಅಪ್‌ಡೇಟನ್ನು ಐದು ವಾರಗಳವರೆಗೆ ತಡೆಹಿಡಿಯುವ ಸೌಲಭ್ಯ ವಿಂಡೋಸಿನ ಸೆಟ್ಟಿಂಗ್ಸಿನಲ್ಲೇ ಇದೆ, ಅಷ್ಟನ್ನು ಬಳಸಿಕೊಂಡರೆ ಸಾಕು.

ಸಹಕಾರ ಸಂಘಗಳ ಆಡಳಿತ ಮಂಡಳಿಗಳು ಪ್ರತಿ ಕಂಪ್ಯೂಟರಿನ ಬಿಟ್‌ಲಾಕರ್ ಕೀಯನ್ನು ಒಂದು ರಿಜಿಸ್ಟರಿನಲ್ಲಿ ಬರೆಸಿ ಬೀರುವಿನಲ್ಲಿ ಇಡುವಂತಾಗಲಿ. ನನ್ನ ಕಸುಬಿನ ಗೆಳೆಯರು ರಿಪೇರಿ ಚೀಟಿಯಲ್ಲಿ ‘ಡೇಟಾ ಅಳಿಸಲು ಗ್ರಾಹಕರ ಒಪ್ಪಿಗೆ ಇದೆ / ಇಲ್ಲ’ ಎಂಬ ಒಂದು ಸಾಲನ್ನು ಅಚ್ಚು ಹಾಕಿಸಿ, ಸಹಿ ಪಡೆಯದೆ ಯಾವ ಡಿಸ್ಕನ್ನೂ ಫಾರ್ಮ್ಯಾಟ್ ಮಾಡದಿರಲಿ. ನನ್ನ ಅಂಗಡಿಯ ಚೀಟಿಯಲ್ಲಿ ಆ ಸಾಲು ಈಗಾಗಲೇ ಇದೆ. ಅದರ ಮಾದರಿ ಬೇಕಾದವರಿಗೆ ಸಂತೋಷದಿಂದ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಂಪ್ಯೂಟರ್ ದುರಸ್ತಿಗಾರ, ಸಾಗರ