ವಾಸ್ಕೋದಿಂದ ಅಣ್ಣನಿಗೆ, ಹಿತ್ತಲ ಸೆಪ್ಟಿಕ್ ಟ್ಯಾಂಕಿನ ವಿಷಯ

ವಾಸ್ಕೋ, ಗೋವಾ
ಮೇ 4

ತೀರ್ಥರೂಪ ಸಮಾನ ಅಣ್ಣನಿಗೆ ನಮಸ್ಕಾರಗಳು. ಉಭಯ ಕುಶಲೋಪರಿ. ಅವ್ವನ ಮಂಡಿನೋವು ಇಳಿದಿದೆ ಎಂದು ತಿಳಿದು ಸಮಾಧಾನವಾಯಿತು.

ವೈನಿ ಬರೆದ ಪತ್ರ ನಿನ್ನೆ ಕೈಸೇರಿತು. ಸುಮಾಳ ನಿಶ್ಚಯ ಇದೇ 28ಕ್ಕೆ ಗೊತ್ತಾದದ್ದು, ಇಂಗುಗುಂಡಿ ಉಕ್ಕಿ ಹಿತ್ತಲೆಲ್ಲ ನಾರುತ್ತಿರುವುದು, ಸಂಡಾಸಿನ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಹೊರಪೈಪಿನ ಬಾಯಿಗಿದ್ದ ಟಿ ಆಕಾರದ ಪೈಪಿನ ತುಂಡು, ಅದೇ ಟಿ, ಮುರಿದು ಬಿದ್ದಿರುವುದು, ಎಲ್ಲ ಓದಿದೆ. ಕಡೆಯ ಸಾಲು ಓದಿದ ಮೇಲೆ ನಿದ್ದೆ ಬರಲಿಲ್ಲ. "ಗುರುವಾರ ನಿಮ್ಮಣ್ಣ, ಬಸಣ್ಣ ಇಬ್ಬರೂ ತಾವೇ ಇಳಿದು ರಿಪೇರಿ ಮಾಡತಾರಂತ" ಎಂದು ಬರೆದಿದ್ದಾರೆ. ಅಣ್ಣಾ, ಇಳಿಯಬೇಡ. ಬಸಣ್ಣನನ್ನೂ ಇಳಿಸಬೇಡ. ರೊಕ್ಕ ಉಳಿಸುವ ಜಾಗ ಅದಲ್ಲ.

ಮುಚ್ಚಳ ತೆಗೆದು ಒಂದು ದಿನ ಬಿಟ್ಟರೆ ಗಾಳಿಯಾಡಿ ಎಲ್ಲ ಸರಿಹೋಗುತ್ತದೆ ಎಂದು ಊರಲ್ಲಿ ಹೇಳುತ್ತಾರೆ, ನಂಬಬೇಡ. ತಳದ ರಾಡಿಯೊಳಗೆ ಹೈಡ್ರೋಜನ್ ಸಲ್ಫೈಡ್ ಅನಿಲ ಸಿಕ್ಕಿಕೊಂಡಿರುತ್ತದೆ. ಕಾಲಿಟ್ಟು ಕಲಕಿದ ಕೂಡಲೇ ಅದು ಒಮ್ಮೆಲೇ ಹೊರಬೀಳುತ್ತದೆ, ಗಾಳಿಗಿಂತ ಭಾರವಾದ್ದರಿಂದ ಕೆಳಗೇ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹತ್ತಿಬಿಟ್ಟರಾಯಿತು ಎನ್ನಬೇಡ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು 100 ಪಾಲಿನಷ್ಟಾದರೆ ಮೂಗು ಸೋತು ವಾಸನೆಯೇ ತಿಳಿಯುವುದಿಲ್ಲ. 500 ದಾಟಿದರೆ ಎಚ್ಚರ ತಪ್ಪುತ್ತದೆ, 1000ದ ಹತ್ತಿರ ಬಂದರೆ ಒಂದೆರಡು ಉಸಿರಿಗೇ ಮನುಷ್ಯ ಬೀಳುತ್ತಾನೆ. ದೀಪ ಇಳಿಸಿ ನೋಡುವ ಪದ್ಧತಿಯಂತೂ ಎರಡು ಬಗೆಯಲ್ಲಿ ಕೆಟ್ಟದ್ದು. ಪ್ರಾಣ ತೆಗೆಯುವಷ್ಟು ವಿಷ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ, ಮೀಥೇನ್ ನೂರಕ್ಕೆ 5ರಿಂದ 15ರಷ್ಟು ಕೂಡಿದ್ದರೆ ಅದೇ ದೀಪದಿಂದ ಸ್ಫೋಟವಾಗುತ್ತದೆ. ಮೊದಲು ಇಳಿದವನು ಬಿದ್ದಾಗ ಅವನನ್ನು ಎತ್ತಲು ಎರಡನೆಯವನು ಇಳಿಯುತ್ತಾನೆ, ಅವನೂ ಏಳುವುದಿಲ್ಲ. ಇಂಥ ಸಾವು ಹೆಚ್ಚಾಗಿ ಜೋಡಿಯಾಗಿಯೇ ಆಗುವುದು.

ಬಸಣ್ಣನಿಗೆ ಕೂಲಿ ಕೊಟ್ಟು ಇಳಿಸಿದರೆ ಕಾನೂನೂ ಬಿಡುವುದಿಲ್ಲ. ರಕ್ಷಣೆಯ ಸಾಮಾನಿಲ್ಲದೆ ಆಳನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಂಥ ಸಾವಿಗೆ ಪರಿಹಾರ 30 ಲಕ್ಷ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ರೊಕ್ಕದಿಂದ ಬಸಣ್ಣನ ಮಕ್ಕಳಿಗೆ ಅಪ್ಪ ಸಿಗುವುದಿಲ್ಲ, ಅದನ್ನು ನಿನಗೆ ನಾನು ಹೇಳಬೇಕಿಲ್ಲ.

ಈಗ ಗಾಬರಿ ಬಿಟ್ಟು ಕೇಳು. ನಿಶ್ಚಯಕ್ಕೆ ಮೊದಲು ಆಗಬೇಕಾದ ಕೆಲಸವನ್ನೆಲ್ಲ ಮೇಲೆ ನಿಂತೇ ಮಾಡಬಹುದು.

ಟಿ ಮುರಿದದ್ದು ಯಾಕೆ ಅಂದರೆ, ರಾಡಿಯಿಂದ ಎದ್ದ ಅದೇ ಅನಿಲ ನೀರಿನ ಮೇಲಿರುವ ಒದ್ದೆ ಗೋಡೆಗೂ ಸ್ಲ್ಯಾಬಿನ ಕೆಳಮೈಗೂ ಹತ್ತುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಸಲ್ಫ್ಯೂರಿಕ್ ಆಮ್ಲ ಮಾಡುತ್ತವೆ. ಆಮ್ಲ ಹತ್ತಿದ ಸಿಮೆಂಟು ಜಿಪ್ಸಂ ಆಗಿ ಉಬ್ಬಿ ಹಿಟ್ಟಿನಂತೆ ಉದುರುತ್ತದೆ, ಆಮೇಲೆ ಒಳಗಿನ ಕಬ್ಬಿಣದ ಸಳಿ ತುಕ್ಕು ಹಿಡಿಯುತ್ತದೆ. ಅದಕ್ಕೇ ನೀರಿನೊಳಗಿನ ಗೋಡೆ ಗಟ್ಟಿಯಿದ್ದು ನೀರಿನ ಗೆರೆಯಿಂದ ಮೇಲೆ ಮಾತ್ರ ತಿಂದುಹೋಗಿರುತ್ತದೆ. ಅಪ್ಪ ಹಾಕಿಸಿದ ಸಿಮೆಂಟ್ ಪೈಪಿನ ಟಿ ಸರಿಯಾಗಿ ಆ ಗೆರೆಯಲ್ಲೇ ಕತ್ತರಿಸಿದಂತೆ ಮುರಿದಿರಬೇಕು. ಟಿ ಹೋದರೆ ಮೇಲಿನ ಜಿಡ್ಡಿನ ಕೆನೆ ತಡೆಯಿಲ್ಲದೆ ಇಂಗುಗುಂಡಿಗೆ ಹೋಗಿ ಮಣ್ಣಿನ ರಂಧ್ರ ಮುಚ್ಚುತ್ತದೆ. ಗುಂಡಿ ಉಕ್ಕುತ್ತಿರುವುದು ಅದರಿಂದಲೇ. ಆದ್ದರಿಂದ ಟಿ ಹಾಕದೆ ಬರೀ ಗುಂಡಿ ತೋಡಿಸಿದರೆ ಹೊಸ ಗುಂಡಿಯೂ ಕಟ್ಟಿಕೊಳ್ಳುತ್ತದೆ.

ಮೊದಲು ಪಟ್ಟಣ ಪಂಚಾಯಿತಿಯಲ್ಲಿ ಹೇಳಿ ಸಕ್ಕಿಂಗ್ ಗಾಡಿ ತರಿಸು. ನಮ್ಮ ಟ್ಯಾಂಕು ಒಳಗೆ 8 ಅಡಿ ಉದ್ದ, 4 ಅಡಿ ಅಗಲ, ನೀರು 4 ಅಡಿ, ಅಂದರೆ ಸುಮಾರು 3600 ಲೀಟರು. ಎರಡೂ ಖಾನೆಯಿಂದ ಎಳೆಸು, ಒಂದು ಖಾನೆ ಬರಿದು ಮಾಡಿ ಇನ್ನೊಂದು ತುಂಬಿಯೇ ಬಿಟ್ಟರೆ ಹಳೆಯ ನಡುಗೋಡೆ ನೀರಿನ ಒತ್ತಡಕ್ಕೆ ಬೀಳಬಹುದು. ತಳದಲ್ಲಿ ಒಂದು ಇಂಚು ರಾಡಿ ಇರಲಿ, ಮುಂದೆ ಕೊಳೆಯಿಸುವುದಕ್ಕೆ ಅದೇ ಹೆಪ್ಪು. ಫಿನಾಯಿಲು, ಆಸಿಡ್ ಹಾಕಿ ತೊಳೆಯಬೇಡ. ಬ್ಯಾಕ್ಟೀರಿಯಾ ಪುಡಿ ಮಾರುವವರು ಬಂದರೆ ಕಳಿಸಿಬಿಡು, ಅದರ ಅಗತ್ಯವಿಲ್ಲ.

ಸಾಮಾನು ಹೆಚ್ಚೇನಿಲ್ಲ. 110 ಮಿಲಿಮೀಟರಿನ ಎಸ್‌ಡಬ್ಲ್ಯುಆರ್, ಅಂದರೆ ಸಂಡಾಸು, ಬಚ್ಚಲು, ಮಳೆ ನೀರಿಗೆಂದೇ ಮಾಡಿದ ಪಿವಿಸಿ ಪೈಪು ಒಂದು, ಅದರಲ್ಲಿ ಬಿ ಟೈಪು, ಗೋಡೆ ದಪ್ಪ ಇರುತ್ತದೆ. ರಬ್ಬರ್ ರಿಂಗಿನ ಟಿ ಎರಡು, ಪೈಪಿನ ಅಂಟು, ಪಾಲಿಶ್ ಪೇಪರ್, ಅರ್ಧ ಚೀಲ ಸಿಮೆಂಟು, ನೀರು ತಡೆಯುವ ಪುಡಿ. ಪಿವಿಸಿಯನ್ನು ಈ ಆಮ್ಲ ತಿನ್ನುವುದಿಲ್ಲ. ಕಬ್ಬಿಣದ ಟಿ ಗಟ್ಟಿ ಎಂದು ಅಂಗಡಿಯವನು ಹೇಳಿದರೆ ತಗೋಬೇಡ.

ಹೊರಪೈಪಿನ ಬುಡದ ಮಟ್ಟವೇ ಟ್ಯಾಂಕಿನ ನೀರಿನ ಮಟ್ಟ. ಎಲ್ಲ ಅಳತೆಯನ್ನೂ ಅಲ್ಲಿಂದ ಹಿಡಿ. ಹೊರಹೋಗುವ ಟಿಯ ಕೆಳಗಾಲು ನೀರಿನ ಮಟ್ಟದಿಂದ 40 ಸೆಂಟಿಮೀಟರು ಕೆಳಗೆ ಮುಗಿಯಬೇಕು. ಹೆಚ್ಚು ಇಳಿದರೆ ರಾಡಿ ಎಳೆಯುತ್ತದೆ, ಕಡಿಮೆಯಾದರೆ ಕೆನೆ ಎಳೆಯುತ್ತದೆ. ಮೇಲ್ಗಾಲು ನೀರಿನಿಂದ 15 ಸೆಂಟಿಮೀಟರು ಮೇಲೆ ಬರಲಿ, ಬಾಯಿ ತೆರೆದೇ ಇರಲಿ, ಸ್ಲ್ಯಾಬಿಗೂ ಅದಕ್ಕೂ ನಡುವೆ ಕನಿಷ್ಠ ಮೂರು ಇಂಚು ಜಾಗವಿರಲಿ. ಕಟ್ಟಿಕೊಂಡಾಗ ಮೇಲಿನಿಂದ ಕೋಲು ಹಾಕಿ ಬಿಡಿಸಬಹುದು, ಅನಿಲವೂ ಓಡಾಡುತ್ತದೆ. ಒಳಬರುವ ಟಿಯ ಕೆಳಗಾಲಿಗೆ 30 ಸೆಂಟಿಮೀಟರು ಸಾಕು. ಒಳಪೈಪು ಹೊರಪೈಪಿಗಿಂತ 5 ಸೆಂಟಿಮೀಟರು ಮೇಲಿರಬೇಕು, ಇಲ್ಲದಿದ್ದರೆ ಸಂಡಾಸಿನ ಪೈಪಿನಲ್ಲೇ ನೀರು ನಿಲ್ಲುತ್ತದೆ.

ಒಳಗಿಳಿಯದೆ ಕೂರಿಸುವ ರೀತಿ ಹೀಗೆ. ಟ್ಯಾಂಕಿನ ಹೊರಗೆ, ಹೊರಪೈಪಿನ ಪಕ್ಕ ಮಣ್ಣು ತೆಗೆದು ಹಳೇ ಪೈಪು ಕಾಣಿಸು. ಹಳೇ ತುಂಡನ್ನು ಹೊರಗಿನಿಂದಲೇ ಉಳಿಯಲ್ಲಿ ಬಿಡಿಸಿ, ಹೊಸ ನೇರ ಪೈಪನ್ನು ಗೋಡೆಯ ತೂತಿನಿಂದ ಒಳಗೆ ನಾಲ್ಕು ಇಂಚು ಬರುವಂತೆ ನೂಕು. ನುಣುಪಾದ ಪಿವಿಸಿಗೆ ಗಾರೆ ಹಿಡಿಯುವುದಿಲ್ಲ. ಗೋಡೆಯೊಳಗೆ ಕೂರುವಷ್ಟು ಭಾಗವನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ, ಅಂಟು ಬಳಿದು, ಹಸಿ ಇರುವಾಗಲೇ ಒಣ ಉಸುಕು ಉದುರಿಸಿ ಒಣಗಿಸು. ಆಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕಿನ ಗಾರೆ ಗಿಡಿದು ತುಂಬಿಸು. ಇಷ್ಟು ಮಾಡದೆ ಬರೀ ಗಾರೆ ಮೆತ್ತಿದರೆ ಒಂದೇ ವರ್ಷದಲ್ಲಿ ಪೈಪಿನ ಸುತ್ತ ಸೋರುತ್ತದೆ. ಗಾರೆಗೆ ಎರಡು ದಿನ ಬಿಡು.

ಟಿಗೆ ಎರಡೂ ಕಾಲನ್ನು ಅಂಗಳದಲ್ಲೇ ಜೋಡಿಸಿ ಹಗ್ಗ ಕಟ್ಟಿಕೋ. ರಬ್ಬರ್ ರಿಂಗಿಗೆ ಸಾಬೂನು ನೀರು ಸವರಿ, ಮುಚ್ಚಳದ ಬಾಯಿಯಿಂದ ಇಳಿಸಿ ನೇರ ಪೈಪಿಗೆ ಒತ್ತು. ಅಂಟು ಹಾಕಬೇಡ, ಮುಂದೆ ಬಿಚ್ಚಬೇಕಾಗುತ್ತದೆ. ಕಳಚದಂತೆ ಒಂದು ಸ್ಟೇನ್‌ಲೆಸ್ ಸ್ಕ್ರೂ ಸಾಕು. ಅಲ್ಲಿಗೆ ನೆಲದಿಂದ ಒಂದೂವರೆ ಅಡಿ, ಕೈ ಎಟಕುತ್ತದೆ. ಕೈ ಮಾತ್ರ ಒಳಗೆ ಹೋಗಲಿ, ತಲೆ ಬೇಡ. ಎರಡೂ ಮುಚ್ಚಳ ತೆಗೆದಿರಲಿ, ಗಾಳಿ ಬೆನ್ನ ಕಡೆಯಿಂದ ಬೀಸುವಂತೆ ಕೂತುಕೋ, ಪಕ್ಕದಲ್ಲಿ ಇನ್ನೊಬ್ಬ ನಿಂತಿರಲಿ. ಪೈಪು ಕತ್ತರಿಸುವ ಮಷೀನನ್ನು ಬಾಯಿಯ ಹತ್ತಿರ ತರಬೇಡ, ಕಿಡಿ ಹಾರುತ್ತದೆ. ಬಸಣ್ಣನ ಬೀಡಿ ಅವತ್ತು ಮನೆಯ ಮುಂದುಗಡೆ. ಟಿ ಕೂತ ಕೂಡಲೇ ಎರಡೂ ಖಾನೆಗೆ ಒಟ್ಟೊಟ್ಟಿಗೆ ನೀರು ತುಂಬಿಸು. ನೀರು ಮಟ್ಟಕ್ಕೆ ಬಂದರೆ ಮಾತ್ರ ಟಿ ಕೆಲಸ ಮಾಡುತ್ತದೆ.

ಟಿಯೊಳಗೆ ಕೂರಿಸುವ ಜಾಳಿಗೆಯ ಫಿಲ್ಟರ್ ಸಿಗುತ್ತದೆ. ನಮ್ಮ ಮನೆಗೆ ಬೇಡ ಎಂದು ನನ್ನ ಮಾತು. ಆರು ತಿಂಗಳಿಗೊಮ್ಮೆ ತೆಗೆದು ತೊಳೆಯುವವರಿಲ್ಲದಿದ್ದರೆ ಅದು ಕಟ್ಟಿ ಸಂಡಾಸೇ ತುಂಬುತ್ತದೆ.

ನಡುಗೋಡೆಯ ಇಟ್ಟಿಗೆ ಉದುರಿದೆ ಎಂದು ವೈನಿ ಬರೆದಿದ್ದಾರೆ. ಅದನ್ನು ಈಗ ಮುಟ್ಟಬೇಡ. ಅದು ಒಳಗಿಳಿಯದೆ ಆಗದ ಕೆಲಸ, ಟಿ ಸರಿಯಿದ್ದರೆ ಅರ್ಧಮರ್ಧ ಗೋಡೆಯಲ್ಲೂ ಟ್ಯಾಂಕು ನಡೆಯುತ್ತದೆ. ಮಳೆಗಾಲ ಮುಗಿದ ಮೇಲೆ ಸ್ಲ್ಯಾಬು ಹೇಗೂ ತೆಗೆಯಬೇಕು. ಆಗ ಗಾಳಿ ಊದುವ ಬ್ಲೋವರ್, ಅನಿಲ ಅಳೆಯುವ ಮೀಟರ್, ಮೇಲೆಳೆಯುವ ಬೆಲ್ಟು ಇರುವವರಿಂದಲೇ ಮಾಡಿಸೋಣ, ನಾನೂ ಬಂದು ನಿಲ್ಲುತ್ತೇನೆ.

ಸ್ಲ್ಯಾಬಿನ ವಿಷಯ ಹೇಳಿಯೇ ಬಿಡುತ್ತೇನೆ, ಅಷ್ಟರೊಳಗೆ ನೀನು ಎರಕ ಹೊಯ್ಯಿಸಿ ಇಡಬಹುದು. ಒಂದೇ ತುಂಡು ಬೇಡ. 5 ಅಡಿ ಉದ್ದ, 20 ಇಂಚು ಅಗಲ, 4 ಇಂಚು ದಪ್ಪದ ಐದು ಪಟ್ಟಿ ಸಾಕು. ಒಂದು ಪಾಲು ಸಿಮೆಂಟಿಗೆ ಒಂದೂವರೆ ಉಸುಕು, ಮೂರು ಜಲ್ಲಿಯ ಕಾಂಕ್ರೀಟು, ಐದಕ್ಕೂ ಸೇರಿ ಸುಮಾರು ಮೂರು ಚೀಲ ಸಿಮೆಂಟು. ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟ್ ಸಿಕ್ಕರೆ ಒಳ್ಳೆಯದು. 8 ಮಿಲಿಮೀಟರಿನ ಸಳಿ ಆರಾರು ಇಂಚಿಗೆ, ತಳದಿಂದ 3 ಸೆಂಟಿಮೀಟರು ಮೇಲೆ. ಎರಕ ಹೊಯ್ದ ದಿನವೇ ಮೇಲ್ಮೈಗೆ ಗುರುತು ಕೆತ್ತು. ಪಟ್ಟಿ ಮಗುಚಿ ಕೂತರೆ ಸಳಿ ಮೇಲಾಗಿ ಹೊರೆ ತಡೆಯದೆ ಮುರಿಯುತ್ತದೆ, ಇದು ಗವಂಡಿಗಳು ಬಹಳ ಸಲ ಮಾಡುವ ತಪ್ಪು. ಎರಡೂ ತುದಿಯ ಪಟ್ಟಿಗೆ ಎತ್ತುವ ಕೊಂಡಿ ಇರಲಿ. ಒಂದೊಂದೂ 190 ಕಿಲೋದಷ್ಟು ತೂಗುತ್ತದೆ, ನಾಲ್ಕು ಜನ ಬೇಕು. ಹದಿನಾಲ್ಕು ದಿನ ನೀರು ಹೊಡಿ. ಒಣಗಿದ ಮೇಲೆ ಕೆಳಮೈಗೆ ಎರಡು ಕೈ ಎಪಾಕ್ಸಿ ಬಳಿದೇ ಹೊದಿಸಬೇಕು.

ಗಾಳಿಪೈಪು ಮರೆಯಬೇಡ. ಎರಡು ಇಂಚಿನದು, ಮಾಳಿಗೆಗಿಂತ 2 ಮೀಟರು ಮೇಲೆ ಹೋಗಬೇಕು. ಬಾಯಿಯ ತಂತಿಜಾಳಿಗೆ ತುಕ್ಕು ಹಿಡಿದು ಮುಚ್ಚಿರುತ್ತದೆ, ನೈಲಾನಿನದು ಕಟ್ಟು. ಹಿತ್ತಲ ನಾತ ಅರ್ಧ ಇದರಿಂದಲೇ ಹೋಗುತ್ತದೆ.

ಇಂಗುಗುಂಡಿಯನ್ನೂ ಅದೇ ಗಾಡಿಯಲ್ಲಿ ಎಳೆಸಿ ನೋಡು. ನಾಲ್ಕೈದು ದಿನಕ್ಕೆ ಮತ್ತೆ ತುಂಬಿ ನಿಂತರೆ ಮಣ್ಣು ಕಟ್ಟಿದೆ ಎಂದರ್ಥ, ಬೇರೆ ಗುಂಡಿಯೇ ಬೇಕು. ಬಾವಿಯಿಂದ 18 ಮೀಟರಿಗಿಂತ ಹತ್ತಿರ ತೋಡಬೇಡ, ಅಂದರೆ ಹಸುವಿನ ಗೋದಲಿಯ ಆಚೆಗೇ. ಇಲ್ಲಿ ಗೋವಾದಲ್ಲಿ ಆ ಅಂತರದ ಬೆಲೆ ಗೊತ್ತಾಗುತ್ತದೆ. ಮನೆಮನೆಗೆ ಬಾವಿ, ನೆಲವೆಲ್ಲ ಚಿರೇಕಲ್ಲು, ಕಲ್ಲಿನ ಬಿರುಕಿನಲ್ಲಿ ಗುಂಡಿಯ ನೀರು ಸೋಸದೆಯೇ ಬಾವಿಗೆ ಹರಿಯುತ್ತದೆ. ಜೂನ್ ಮಳೆಗೆ ಅಂತರ್ಜಲ ಎಷ್ಟು ಏರುತ್ತದೆಂದರೆ, ಆಗ ಖಾಲಿ ಮಾಡಿಸಿದ ಪ್ಲಾಸ್ಟಿಕ್ ಟ್ಯಾಂಕು ಮಣ್ಣು ಒಡೆದುಕೊಂಡು ತೇಲಿ ಮೇಲೆ ಬರುತ್ತದೆ. ಅದಕ್ಕೆ ಇಲ್ಲಿಯವರು ಮೇ ತಿಂಗಳಲ್ಲೇ ಕೆಲಸ ಮುಗಿಸುತ್ತಾರೆ. ಆ ಕೆಲಸ ಮಾಡುವವರಲ್ಲಿ ಬಹಳ ಮಂದಿ ನಮ್ಮ ಕಡೆಯವರೇ, ಬೈನಾ, ಝುವಾರಿ ನಗರದಲ್ಲಿ ಗವಂಡಿ ಹುಡುಕಲು ಕನ್ನಡ ಒಂದಿದ್ದರೆ ಸಾಕು. ಅವ್ವನಿಗೆ ಇದನ್ನು ಓದಿ ಹೇಳು, ಹುಡುಗ ಪರದೇಶದಲ್ಲಿ ಒಂಟಿ ಎಂದು ಕೊರಗುವುದು ನಿಲ್ಲಲಿ. ಬೆಳಿಗ್ಗೆ ಸೈಕಲ್ಲಿನ ಹಾರ್ನ್ ಕೇಳಿದರೆ ಬಾಗಿಲಿಗೇ ಬಿಸಿ ಪಾವು ಬರುತ್ತದೆ, ರೊಟ್ಟಿಯೂ ಸಿಗುತ್ತದೆ, ಊಟಕ್ಕೆ ಏನೂ ಕಡಿಮೆಯಿಲ್ಲ, ಆರೋಗ್ಯವೂ ಚೆನ್ನಾಗಿದೆ, ಖಂಡಿತ ಚೆನ್ನಾಗಿದೆ.

ನಿಶ್ಚಯದ ದಿನ ನಲವತ್ತು ಜನ ಬಂದರೆ ಟ್ಯಾಂಕಿಗೆ ಒಮ್ಮೆಲೇ ನೀರು ನುಗ್ಗಿ ರಾಡಿ ಕಲಕುತ್ತದೆ. ಅಡಿಗೆಯ ಜಿಡ್ಡಿನ ನೀರು, ಪಾತ್ರೆ ತೊಳೆದ ನೀರು ಅದಕ್ಕೆ ಬಿಡಬೇಡ, ತೆಂಗಿನ ಬುಡಕ್ಕೆ ಹರಿಸು. ಪೆಂಡಾಲಿನ ಕಂಬ ಟ್ಯಾಂಕಿನ ಮೇಲೆ ನೆಡಬಾರದು, ಸಾಮಾನಿನ ಟ್ರ್ಯಾಕ್ಟರು ಆ ಕಡೆ ಬರಲೇಬಾರದು, ಆ ಸ್ಲ್ಯಾಬಿಗೆ ಈಗ ಶಕ್ತಿಯಿಲ್ಲ.

ಹನ್ನೆರಡು ಸಾವಿರ ನಿನ್ನ ಖಾತೆಗೆ ಹಾಕಿದ್ದೇನೆ. ಗಾಡಿಗೆ, ಪೈಪಿಗೆ ಅದರಲ್ಲೇ ಖರ್ಚು ಮಾಡು, ಸಾಲದಿದ್ದರೆ ಕೇಳು, ನನಗೇನೂ ತೊಂದರೆಯಿಲ್ಲ. ಸುಮಾಳ ಸೀರೆಯ ರೊಕ್ಕ ಬೇರೆ ತರುತ್ತೇನೆ, 26ಕ್ಕೆ ಹೊರಡುತ್ತೇನೆ.

ಸೋದರಮಾವ ಸಂಜೆಯ ಗಾಡಿಗೆ ಅಳ್ನಾವರಕ್ಕೆ ಹೊರಟಿದ್ದಾರೆ, ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾರೆ, ಅವರ ಕೈಲೇ ಕಳಿಸುತ್ತಿದ್ದೇನೆ. ಅವ್ವನಿಗೆ, ವೈನಿಗೆ ನಮಸ್ಕಾರ, ಹುಡುಗರಿಗೆ ಆಶೀರ್ವಾದ.

ಇಂತಿ ನಿನ್ನ ತಮ್ಮ

ಪತ್ರ ಓದಿದ ಕೂಡಲೇ ಟ್ಯಾಂಕಿನ ಬಾಯಿಗೆ ಫರಸಿ ಮುಚ್ಚಿ ಮೇಲೆ ಭಾರದ ಕಲ್ಲು ಇಡು. ಹುಡುಗರು ಹಿತ್ತಲಲ್ಲಿ ಆಡುತ್ತಿರುತ್ತಾರೆ.