ಬ್ಯಾಗ್ ಕೆಳಗಿಟ್ಟು ಕೂತ ಆ ಮೇಡಂಗೆ

ತಾತ್ಕಾಲಿಕ ಕೆಲಸದ ವೀಸಾದಲ್ಲಿ ಹೊರದೇಶಕ್ಕೆ ಹೋಗಿ ಬಾಡಿಗೆ ಮನೆ ಹುಡುಕುವವರ ಪಾಡು ಹುಡುಕಿದವರಿಗೇ ಗೊತ್ತು. ಹಳೇ ಸಂಬಳದ ಚೀಟಿ ಕೇಳುತ್ತಾರೆ, ಕೆಲಸಕ್ಕೆ ಸೇರಿದ್ದೇ ಮೊನ್ನೆ. ಅಲ್ಲಿಯವರ ಜಾಮೀನು ಕೇಳುತ್ತಾರೆ, ಅಲ್ಲಿ ನಮಗೆ ಯಾರಿದ್ದಾರೆ? ಕರಾರು ಮುಗಿಯುವ ಮೊದಲೇ ವೀಸಾ ಮುಗಿಯುತ್ತದೆ. ಹಾಗಾಗಿ ಎಲ್ಲ ಕಡೆ ‘ಇಲ್ಲ’. ತಂಗಿದ್ದ ಹಾಸ್ಟೆಲ್‌ನಲ್ಲೂ ಜಾಗ ಖಾಲಿ ಮಾಡಿ ಎಂದಿದ್ದರು.

ಬಾಡಿಗೆ ಏಜೆನ್ಸಿಗೆ ನಾನು ಹೋದಾಗ ಬಾಗಿಲು ಹಾಕುವ ಹೊತ್ತು. ಕೌಂಟರಿನ ಮೇಡಂ ಕಂಪ್ಯೂಟರ್ ಆರಿಸಿ, ಬ್ಯಾಗ್ ಹೆಗಲಿಗೇರಿಸಿದ್ದರು. ನನ್ನ ಮುಖ ನೋಡಿದವರೇ ಬ್ಯಾಗ್ ಕೆಳಗಿಟ್ಟು ಕೂತರು.

ಅರ್ಜಿ ಪೂರ್ತಿ ಓದಿದರು. ಅಂಚಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಹೋದರು. ಇಲ್ಲಿಗೆ ಸಂಬಳ, ಕೆಲಸದ ಅವಧಿ ಬರೆದ ಕಂಪನಿಯ ಪತ್ರ. ಇಲ್ಲಿಗೆ ಹಿಂದಿನ ಮನೆ ಮಾಲೀಕರ ನಾಲ್ಕು ಮಾತು.

“ವೀಸಾ ಇರುವಷ್ಟು ದಿನಕ್ಕೇ ಕರಾರು ಮಾಡಿ ಎಂದು ನೀವೇ ಮೊದಲು ಕೇಳಿ. ಮಾಲೀಕರಿಗೂ ಭಯ ಕಮ್ಮಿ” ಎಂದರು. ಆಮೇಲೆ ಅವರೇ ಒಬ್ಬ ಮಾಲೀಕರಿಗೆ ಫೋನ್ ಮಾಡಿದರು. ಅಷ್ಟು ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಊಟ ಸೇರಿತು.

ಆ ಮನೆಯೇ ಸಿಕ್ಕಿತು. ಕೀ ಕೊಡಲು ಬಂದ ಮೇಡಂ ಕೊಟ್ಟು ಹೊರಡಬಹುದಿತ್ತು, ಅಲ್ವಾ? ಗೋಡೆಯ ಗೀರು, ಸಿಂಕ್ ಕೆಳಗಿನ ತೇವದ ಕಲೆ, ಬೀರುವಿನ ಮುರಿದ ಹಿಡಿ, ಒಂದೊಂದನ್ನೂ ತೋರಿಸಿ ನನ್ನ ಫೋನಿನಲ್ಲೇ ಫೋಟೋ ತೆಗೆಸಿದರು. ಮನೆ ಬಿಡುವಾಗ ಇವನ್ನು ನನ್ನ ತಲೆಗೆ ಕಟ್ಟಿ ಅಡ್ವಾನ್ಸ್ ಮುರಿದುಕೊಳ್ಳಬಾರದಲ್ಲ! ಫೋಟೋಗಳನ್ನು ಅವತ್ತೇ ಮಾಲೀಕರಿಗೂ ಈಮೇಲ್ ಮಾಡಿಸಿದರು.

ತುಂಬಾ ಥ್ಯಾಂಕ್ಸ್, ಮೇಡಂ. ಅವತ್ತು ನನ್ನಿಂದಾಗಿ ಮನೆಗೆ ಹೋಗುವುದು ತಡವಾಯಿತು, ನೀವು ಒಮ್ಮೆಯೂ ಗಡಿಯಾರ ನೋಡಲಿಲ್ಲ.